ರಾಜೀನಾಮೆ ಆಮೇಲೆ, ಮೊದಲು ಎಟಿಎಂ ಕಾರ್ಡ್

ಹಾವೇರಿ ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿಯೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ವಯಸ್ಸು 39, ಸೇವೆ 14 ವರ್ಷ. ಚಿಕ್ಕ ಮಕ್ಕಳು ಆಡುತ್ತಾ ಕಲಿಯುವ ನಲಿ-ಕಲಿ ತರಗತಿ ಅವರದ್ದು. ಮೊದಮೊದಲು ಶಾಲೆ ಅಂದರೆ ಜೀವ ಬಿಡುತ್ತಿದ್ದರಂತೆ. ಈಗ ಭಾನುವಾರ ಸಂಜೆಯಿಂದಲೇ ಎದೆ ಭಾರ. ಯಾವ ಕೆಲಸದಲ್ಲೂ ಸಾರ್ಥಕ ಅನ್ನಿಸುತ್ತಿಲ್ಲ. ಯೂಟ್ಯೂಬ್ ನೋಡಿ ಬೆಳಿಗ್ಗೆ ಐದಕ್ಕೇ ಎದ್ದು ಧ್ಯಾನ ಮಾಡಿದರು, ಡೈರಿ ಬರೆದರು. ಏನೂ ಬದಲಾಗಲಿಲ್ಲ. ಕೆಲಸಕ್ಕೆ ರಾಜೀನಾಮೆ ಕೊಟ್ಟು, 45 ಸಾವಿರ ರೂಪಾಯಿ ಕಟ್ಟಿ ಆನ್‌ಲೈನ್ ‘ಲೈಫ್ ಕೋಚ್’ ಕೋರ್ಸ್ ಸೇರಲೇ ಎಂದು ಕೇಳಿದ್ದಾರೆ.

ಅಕ್ಕೋರೇ, ನಿಮ್ಮ ಮೂರನೇ ಪುಟದಲ್ಲಿ ಒಂದು ಸಾಲಿದೆ. ‘ದುಡ್ಡಿನ ಚಿಂತೆ ಏನಿಲ್ಲ, ನನ್ನ ಎಟಿಎಂ ಕಾರ್ಡ್ ನಮ್ಮ ಮನೆಯವರ ಹತ್ತಿರಾನೇ ಇರುತ್ತದೆ, ವಾರಕ್ಕೆ 500 ಖರ್ಚಿಗೆ ಕೊಡುತ್ತಾರೆ.’ ಇಷ್ಟು ಬರೆದು ಮತ್ತೆ ಧ್ಯಾನದ ವಿಷಯಕ್ಕೆ ಹೋಗಿಬಿಟ್ಟಿದ್ದೀರಿ. ನಾನು ಅಲ್ಲಿಂದ ಮುಂದೆ ಹೋಗಲಾರೆ.

ಅದರ ಕೆಳಗೇ ಇನ್ನೊಂದು ಮಾತಿದೆ. ಎರಡು ವರ್ಷದ ಹಿಂದೆ ಶಾಲೆ ಶುರುವಾದಾಗ ಮಕ್ಕಳಿಗೆ ಮಣಿ, ಬಣ್ಣದ ಕಾಗದ, ನಾಲ್ಕು ಚಿತ್ರಕಥೆ ಪುಸ್ತಕ ತರಬೇಕು ಅನ್ನಿಸಿತು. 700 ರೂಪಾಯಿ ಕೇಳಿದಿರಿ. ‘ಸರ್ಕಾರ ಕೊಡಲ್ವಾ?’ ಎಂದರು ನಿಮ್ಮವರು. ನೀವು ಮತ್ತೆ ಕೇಳಲಿಲ್ಲ. ‘ಆಮೇಲೆ ಯಾಕೋ ತರಗತಿಯಲ್ಲಿ ಮನಸ್ಸು ನಿಲ್ಲಲಿಲ್ಲ’ ಎಂದು ಬರೆದಿದ್ದೀರಿ. ಯಾಕೋ ಅಲ್ಲ ಅಕ್ಕೋರೇ, ಇದಕ್ಕೇ.

ನಲಿ-ಕಲಿ ಹುಟ್ಟಿದ್ದು ಹೇಗೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಎಚ್.ಡಿ. ಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿಯ ಶಾಲೆ ನೋಡಿ ಬಂದು, 1995ರಲ್ಲಿ ಕೈಯಾರೆ ಕಲಿಕೆಯ ಕಾರ್ಡು ಬರೆದು ಶುರು ಮಾಡಿದ ಪದ್ಧತಿ ಅದು. ಅದರ ಜೀವವೇ ಟೀಚರ್ ಕೈಯಲ್ಲಿದೆ. ತರಗತಿಯಲ್ಲಿ ತಲೆ ಮೇಲೆ ಕಟ್ಟಿದ ದಾರದ ಚಪ್ಪರದಲ್ಲಿ ಏನು ತೂಗಬೇಕು, ಯಾವ ಮಗುವಿಗೆ ಯಾವ ಆಟ ಹಿಡಿಸುತ್ತದೆ ಎಂದು ಯೋಚಿಸಿ, ತನಗೆ ಹೊಳೆದದ್ದನ್ನು ಮಾಡುವವರ ತರಗತಿಯೇ ಬೇರೆ. ನಿಮಗೆ ಹೊಳೆಯುವುದು ನಿಂತಿಲ್ಲ. ಹೊಳೆದಾಗಲೆಲ್ಲ ಇನ್ನೊಬ್ಬರ ಮುಂದೆ ಕೈಚಾಚಬೇಕಲ್ಲ ಎಂದು ನೀವೇ ಅದನ್ನು ಅದುಮಿಟ್ಟಿದ್ದೀರಿ. ಹೀಗೆ ಎರಡು ವರ್ಷ ಅದುಮಿಟ್ಟರೆ ಯಾರಿಗಾದರೂ ಕೆಲಸ ಬೇಸರ ಬರುತ್ತದೆ. ಈಗ ಆ ಕೋರ್ಸಿನ 45 ಸಾವಿರವನ್ನೂ ಅವರನ್ನೇ ಕೇಳಬೇಕು, ಅಲ್ವಾ?

ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಮತ್ತೆ ಬರೆಯುತ್ತೇನೆ: ದುಡಿದವರ ಸಂಬಳ ಮೊದಲು ದುಡಿದವರ ಕೈ ಸೇರಬೇಕು. ಆಮೇಲೆ ಅವರು ಮನೆಗೆ ಪೂರ್ತಿ ಕೊಡಲಿ, ಅರ್ಧ ಕೊಡಲಿ. ಗೃಹಲಕ್ಷ್ಮಿಯ 2000 ರೂಪಾಯಿಯನ್ನು ಮನೆಯ ಯಜಮಾನಿಯ ಖಾತೆಗೇ ಹಾಕುವುದು ಯಾಕೆ? ನಿಮ್ಮ ಶಾಲೆಯ ಮಕ್ಕಳ ತಾಯಂದಿರಿಗೆ ತಿಂಗಳಿಗೆ ಅಷ್ಟಾದರೂ ತಮ್ಮ ಹೆಸರಲ್ಲಿದೆ. ಸಂಬಳದ ಅಕ್ಕೋರಿಗೆ ವಾರಕ್ಕೆ 500!

ನಿಮ್ಮ ಗಂಡನ ಮೇಲೆ ನನಗೆ ಅಷ್ಟೇನೂ ಸಿಟ್ಟಿಲ್ಲ. ಕುಡಿತ ಇಲ್ಲ, ಕೈ ಎತ್ತಿದವರಲ್ಲ, ಮನೆ ಸಾಲದ ಕಂತು ತಪ್ಪಿಸಿಲ್ಲ ಎಂದು ನೀವೇ ಬರೆದಿದ್ದೀರಿ. ಕೈಗೆ ಬಂದ ಕಾರ್ಡನ್ನು ಇಟ್ಟುಕೊಂಡರು. ಕೊಟ್ಟವರು ಯಾರು? ನಿಮ್ಮ ಅಣ್ಣ. ಮದುವೆಯಾದ ತಿಂಗಳೇ ಪಾಸ್‌ಬುಕ್ಕು, ಕಾರ್ಡು ಎಲ್ಲ ನಿಮ್ಮ ಗಂಡನ ಕೈಗಿಟ್ಟು, ‘ಇನ್ನು ನಿಮ್ಮ ಜವಾಬ್ದಾರಿ’ ಎಂದರಂತೆ. ತಂಗಿಯ ಸಂಬಳ ಯಾರಿಗೋ ಒಪ್ಪಿಸಲು ಅವರು ಯಾರು? ಈಗ ಬೇಜಾರು ಎಂದು ಹೇಳಿಕೊಂಡರೆ ‘ಹೊಂದಿಕೊಂಡು ಹೋಗು’ ಅನ್ನುತ್ತಾರಂತೆ. ಈ ವಿಷಯದಲ್ಲಿ ಅಣ್ಣನ ಸಲಹೆ ಇನ್ನು ಬೇಡ.

ಕಾನೂನು ನಿಮ್ಮ ಕಡೆಗಿದೆ. ಹಿಂದೂ ಹೆಣ್ಣುಮಕ್ಕಳು ಸ್ವಂತ ದುಡಿಮೆಯಿಂದ ಗಳಿಸಿದ್ದಕ್ಕೆ ಅವರೇ ಪೂರ್ಣ ಒಡೆಯರು ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಸೆಕ್ಷನ್ ಹೇಳುತ್ತದೆ. ಕಾರ್ಡಿನ ವಿಷಯಕ್ಕೆ ಬಂದರೆ, ಬೆಂಗಳೂರಿನಲ್ಲಿ ಹೆರಿಗೆ ರಜೆಯಲ್ಲಿದ್ದ ಮಹಿಳೆಯೊಬ್ಬರು 25 ಸಾವಿರ ತರಲು ಗಂಡನಿಗೆ ಕಾರ್ಡು, ಪಿನ್ ಎರಡೂ ಕೊಟ್ಟು ಕಳಿಸಿದ್ದರು. ಯಂತ್ರದಿಂದ ಹಣ ಬರಲಿಲ್ಲ, ಖಾತೆಯಿಂದ ಮಾತ್ರ ಹೋಯಿತು. ಪಿನ್ ಗಂಡನಿಗೂ ಕೊಡುವಂತಿಲ್ಲ ಎಂದು ಗ್ರಾಹಕರ ವೇದಿಕೆ 2018ರಲ್ಲಿ ಅವರ ದೂರನ್ನೇ ತಳ್ಳಿಹಾಕಿತು.

ಹಾಗಾಗಿ ನಿಮಗೆ ಒಂದೇ ಒಂದು ಕೆಲಸ ಹೇಳುತ್ತೇನೆ. ಶನಿವಾರ ನಿಮಗೆ ಬೆಳಗಿನ ಶಾಲೆ. ಎರಡನೇ, ನಾಲ್ಕನೇ ಶನಿವಾರ ಬ್ಯಾಂಕಿಗೆ ರಜೆ. ಬರುವ ಮೊದಲನೇ ಅಥವಾ ಮೂರನೇ ಶನಿವಾರ ಶಾಲೆ ಬಿಟ್ಟ ಕೂಡಲೇ ಆಧಾರ್ ಕಾರ್ಡು ಹಿಡಿದು ಬ್ಯಾಂಕಿಗೆ ಹೋಗಿ. ಹಳೆಯ ಕಾರ್ಡು ಬಂದ್ ಮಾಡಿಸಿ, ಹೊಸದಕ್ಕೆ ಅರ್ಜಿ ಕೊಡಿ. ಖಾತೆಗೆ ಯಾರ ಮೊಬೈಲ್ ನಂಬರ್ ಇದೆ ಕೇಳಿ. ಗಂಡನದ್ದಾಗಿದ್ದರೆ ನಿಮ್ಮದಕ್ಕೆ ಬದಲಿಸಿ. ಇದನ್ನು ಮರೆಯಲೇಬೇಡಿ. ನಂಬರ್ ಅವರದ್ದೇ ಉಳಿದರೆ ಒಟಿಪಿ, ಮೆಸೇಜು ಎಲ್ಲ ಅವರಿಗೇ ಹೋಗುತ್ತದೆ, ಫೋನ್‌ಪೇ ಕೂಡ ಅಲ್ಲಿಂದಲೇ ನಡೆಯುತ್ತದೆ.

ಕದ್ದುಮುಚ್ಚಿ ಮಾಡಬೇಡಿ. ಹಿಂದಿನ ರಾತ್ರಿಯೇ ಹೇಳಿ: ‘ನಾಳೆ ಬ್ಯಾಂಕಿಗೆ ಹೋಗಿ ಕಾರ್ಡು ನನ್ನ ಹತ್ತಿರ ಇಟ್ಟುಕೊಳ್ಳುತ್ತೇನೆ.’ ಒಪ್ಪಿಗೆ ಕೇಳಬೇಡಿ, ವಿಷಯ ತಿಳಿಸಿ, ಅಷ್ಟೇ. ಮುಖ ಊದಿಸಿಕೊಂಡರೆ ಊದಿಸಿಕೊಳ್ಳಲಿ, ಒಂದೆರಡು ವಾರ ಮನೆಯಲ್ಲಿ ಬಿಗಿ ಇರಬಹುದು. ಅಕಸ್ಮಾತ್ ಮಾತು ಬೆದರಿಕೆಗೆ ತಿರುಗಿದರೆ ಮಹಿಳಾ ಸಹಾಯವಾಣಿ 181 ಇದೆ. ಹೆಣ್ಣಿನ ಹಣ ತಡೆಹಿಡಿಯುವುದನ್ನು 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯೂ ದೌರ್ಜನ್ಯ ಎಂದೇ ಗುರುತಿಸುತ್ತದೆ. ನಿಮ್ಮ ಪತ್ರ ನೋಡಿದರೆ ಅಲ್ಲಿಯವರೆಗೆ ಹೋಗಲಿಕ್ಕಿಲ್ಲ ಅನ್ನಿಸುತ್ತದೆ.

ಸಾಲದ ಕಂತಿನಲ್ಲಿ, ಮನೆ ಖರ್ಚಿನಲ್ಲಿ ನಿಮ್ಮ ಪಾಲು ಎಷ್ಟು ಎಂದು ಇಬ್ಬರೂ ಕೂತು ಬರೆದಿಡಿ. ಸಂಬಳ ಆದ ದಿನ ಅಷ್ಟನ್ನು ನೀವೇ ಅವರ ಖಾತೆಗೆ ಹಾಕಿ. ರಾಜೀನಾಮೆ ಪತ್ರವನ್ನು ಆರು ತಿಂಗಳು ಮುಟ್ಟಬೇಡಿ. ಆ ಕೋರ್ಸಿಗೂ ಈಗಲೇ ದುಡ್ಡು ಕಟ್ಟಬೇಡಿ. ಹೊಸ ಕಾರ್ಡು ಬಂದ ವಾರವೇ ಆ ಪುಸ್ತಕ, ಮಣಿ ಕೊಂಡು ತರಗತಿಗೆ ಒಯ್ಯಿರಿ.