ಸುಮ್ಮನಿದ್ದರೆ ಅದು ದೀನತೆಯಾ?

ಪ್ರಿಯ ಓದುಗರೇ,

ಹೆಸರು ಹಾಕಬೇಡಿ ಎಂದು ಕೇಳಿದ್ದೀರಿ, ಹಾಕಿಲ್ಲ. ಉಳಿದವರಿಗಾಗಿ ನಿಮ್ಮ ಪತ್ರದ ಸಾರ ಇಷ್ಟು: ನೀವು ಸಭೆಯ (ಚರ್ಚಿನ) ಗಾಯನ ತಂಡದಲ್ಲಿ ಹಲವು ವರ್ಷಗಳಿಂದ ಹಾಡುತ್ತಿದ್ದೀರಿ. ಯಾರಾದರೂ ಹೊಗಳಿದರೆ ‘ನನ್ನದೇನಿಲ್ಲ, ಎಲ್ಲಾ ದೇವರದು’ ಅನ್ನುತ್ತೀರಿ. ಒಳಗೆ ಮಾತ್ರ ಖುಷಿಯಾಗುತ್ತದೆ, ಆಮೇಲೆ ಆ ಖುಷಿಗೇ ನಾಚಿಕೆಯಾಗುತ್ತದೆ. ಈಚೆಗೆ ತಂಡದ ಮುಖ್ಯಸ್ಥರು ಎಲ್ಲರ ಮುಂದೆ ನಿಮ್ಮನ್ನು ಬೈದರು. ನೀವು ಸುಮ್ಮನಿದ್ದಿರಿ. ಗೆಳತಿ ‘ಇದೇ ನಿಜವಾದ ದೀನತೆ’ ಎಂದಳು. ನಿಮಗೆ ನಂಬಿಕೆ ಬರಲಿಲ್ಲ. ‘ನನ್ನಲ್ಲಿರುವುದು ದೀನತೆಯಾ, ಸುಮ್ನೆ ಹೆದರಿಕೆಯಾ?’ ಎಂದು ಕೇಳಿದ್ದೀರಿ.

ಹೊಗಳಿಕೆಯ ವಿಷಯ ಸುಲಭ, ಅದನ್ನು ಮೊದಲು ಮುಗಿಸೋಣ. ಬೈಬಲ್‌ನ ಯೋಹಾನ ಪುಸ್ತಕದ 13ನೇ ಅಧ್ಯಾಯದಲ್ಲಿ ಯೇಸು ಶಿಷ್ಯರ ಕಾಲು ತೊಳೆದು ಮತ್ತೆ ಊಟಕ್ಕೆ ಕೂತ ಮೇಲೆ ಹೇಳಿದ್ದೇನು? ನೀವು ನನ್ನನ್ನು ಗುರು, ಕರ್ತ ಅನ್ನುತ್ತೀರಿ, ಸರಿಯಾಗಿಯೇ ಹೇಳುತ್ತೀರಿ. ‘ಅಯ್ಯೋ, ನಾನೆಲ್ಲಿ, ಗುರು ಎಲ್ಲಿ’ ಎನ್ನಲಿಲ್ಲ. ಅದೇ ಹೊತ್ತಿನಲ್ಲಿ ‘ನನ್ನ ಕಾಲು ತೊಳೆಯಲೇಬಾರದು’ ಎಂದು ಹಟ ಹಿಡಿದವನು ಶಿಷ್ಯ ಪೇತ್ರ. ಕೇಳಲು ಅವನ ಮಾತೇ ಜಾಸ್ತಿ ವಿನಯದ್ದು, ಅಲ್ವಾ? ಆದರೂ ತಿದ್ದಿಸಿಕೊಂಡವನು ಅವನೇ. ಚೆನ್ನಾಗಿ ಹಾಡಿದ್ದೀರಿ ಎಂದರೆ ‘ಥ್ಯಾಂಕ್ಸ್’ ಅನ್ನಿ. ಖುಷಿಯಾದರೆ ಆಗಲಿ.

ಬೈಗುಳದ ವಿಷಯ ಅಷ್ಟು ಸುಲಭವಲ್ಲ. ನಿಮ್ಮ ಗೆಳತಿ ಪೂರ್ತಿ ತಪ್ಪು ಎನ್ನಲಾರೆ. 6ನೇ ಶತಮಾನದಲ್ಲಿ ಸಂತ ಬೆನೆಡಿಕ್ಟರು ಸನ್ಯಾಸಿಗಳಿಗೆ ಬರೆದ ನಿಯಮಾವಳಿಯಲ್ಲಿ ದೀನತೆಗೆ 12 ಮೆಟ್ಟಿಲುಗಳಿವೆ. ನಾಲ್ಕನೆಯದು, ಕಷ್ಟವನ್ನೂ ಅನ್ಯಾಯವನ್ನೂ ಸದ್ದಿಲ್ಲದೆ ತಾಳಿಕೊಳ್ಳುವುದು. ಆದರೆ ಅದನ್ನು ಬರೆದದ್ದು ತಾವಾಗಿಯೇ ಆ ಬದುಕನ್ನು ಆರಿಸಿಕೊಂಡವರಿಗೆ. ಮಠದ ಹಿರಿಯನೂ ತನ್ನ ಕೈಗೆ ಬಂದ ಪ್ರತಿ ಆತ್ಮಕ್ಕೆ ದೇವರ ಮುಂದೆ ಲೆಕ್ಕ ಕೊಡಬೇಕು ಎಂದು ಅದೇ ನಿಯಮಾವಳಿ ಹೇಳುತ್ತದೆ. ಈ ಎರಡನೇ ಅರ್ಧವನ್ನು ನಾವು ಆರಾಮಾಗಿ ಮರೆತುಬಿಡುತ್ತೇವೆ. ದೀನತೆಯ ಪಾಠ ಯಾವಾಗಲೂ ಕೆಳಗೆ ನಿಂತವರಿಗೇ ಯಾಕೆ?

ಫಿಲಿಪ್ಪಿ ಪಟ್ಟಣದ ಕತೆ ನೋಡಿ. ಅಲ್ಲಿನ ಅಧಿಕಾರಿಗಳು ಯೇಸುವಿನ ಸುವಾರ್ತೆ ಸಾರುತ್ತಿದ್ದ ಪೌಲ, ಸೀಲ ಇಬ್ಬರಿಗೂ ವಿಚಾರಣೆ ಇಲ್ಲದೆ ಕೋಲಿನಿಂದ ಹೊಡೆಸಿ ಸೆರೆಮನೆಗೆ ಹಾಕಿಸಿದರು. ಬೆಳಗಾದ ಮೇಲೆ ‘ಬಿಟ್ಟುಬಿಡಿ’ ಎಂದು ಹೇಳಿಕಳುಹಿಸಿದರು. ಪೌಲ ಹೊರಡಲಿಲ್ಲ. ರೋಮಿನ ಪೌರಹಕ್ಕುಳ್ಳ ನಮ್ಮನ್ನು ಎಲ್ಲರ ಮುಂದೆ ಹೊಡೆಸಿ ಈಗ ಗುಟ್ಟಾಗಿ ಕಳಿಸುತ್ತಾರಾ, ಅವರೇ ಬಂದು ಕರೆದುಕೊಂಡು ಹೋಗಲಿ ಎಂದ. ಅವರೇ ಬಂದು ಬೇಡಿಕೊಂಡರು. ಅಪೊಸ್ತಲರ ಕೃತ್ಯಗಳು 16ರಲ್ಲಿದೆ, ಓದಿ. ದೀನತೆಯ ಬಗ್ಗೆ ಬೈಬಲ್‌ನ ಅತಿ ದೊಡ್ಡ ಮಾತು ಇರುವ ಪತ್ರವನ್ನು ಪೌಲ ಮುಂದೆ ಬರೆದದ್ದು ಇದೇ ಊರಿನ ಸಭೆಗೆ! ಅವತ್ತು ಆತ ಹಾಗೆ ಪಟ್ಟು ಹಿಡಿದಿದ್ದನ್ನು ಕಂಡವರೂ ಆ ಪತ್ರ ಕೇಳಿರಬಹುದು.

ಆ ಪತ್ರದ ಎರಡನೇ ಅಧ್ಯಾಯದಲ್ಲಿ, ದೇವಸ್ವರೂಪನಾದ ಕ್ರಿಸ್ತನು ತನ್ನನ್ನು ‘ತಗ್ಗಿಸಿಕೊಂಡು’ ಶಿಲುಬೆಯ ಮರಣದವರೆಗೂ ವಿಧೇಯನಾದ ಎಂದಿದೆ. ನಮ್ಮ ಕನ್ನಡದ ಆ ‘ಕೊಂಡು’ ನನಗೆ ತುಂಬಾ ಇಷ್ಟ. ಬೇರೆಯವರು ತಗ್ಗಿಸುವುದೇ ಬೇರೆ, ತಾನಾಗಿ ತಗ್ಗಿಸಿಕೊಳ್ಳುವುದೇ ಬೇರೆ. ಆ ಕಾಲದ ಗ್ರೀಕಿನಲ್ಲಿ ದೀನ ಎಂಬ ಪದ ಹೆಚ್ಚಾಗಿ ಕೀಳು, ಕೈಲಾಗದವ ಎಂಬ ಅರ್ಥದಲ್ಲೇ ಓಡಾಡುತ್ತಿತ್ತು. ಅದಕ್ಕೆ ಈ ‘ತಾನಾಗಿ’ ಸೇರಿದ್ದೇ ಹೊಸದು. ನಿಮ್ಮ ಮೌನಕ್ಕೆ ಕೇಳಬೇಕಾದ ಪ್ರಶ್ನೆಯೂ ಇದೇ. ಮಾತಾಡಬಹುದಿತ್ತು, ಆದರೂ ಆ ಮನುಷ್ಯನ ಮೇಲಿನ ಪ್ರೀತಿಗೆ ಬಿಟ್ಟಿರಾ? ಅಥವಾ ಬಾಯಿ ಬರಲಿಲ್ಲವಾ? ಎರಡನೆಯದಾದರೆ ಅದೇನೂ ಪಾಪವಲ್ಲ. ಅದಕ್ಕೆ ದೀನತೆ ಎಂದು ಹೆಸರಿಡಬೇಡಿ, ಅಷ್ಟೇ.

ಇನ್ನೊಂದು ಮಾತು, ಇದು ನನಗೂ ಸೇರಿ. ನಮ್ಮ ತಪ್ಪು ತೋರಿಸಿದ ಪತ್ರ ಬಂದರೆ ಮೊದಲು ನನಗೆ ಸಿಟ್ಟೇ ಬರುತ್ತದೆ. ಎರಡನೇ ಸಲ ಓದುವಾಗ ಅವರು ಹೇಳಿದ್ದು ಸರಿ ಎಂದು ಗೊತ್ತಾಗುತ್ತದೆ. ಹಾಗಾಗಿ ಮುಖ್ಯಸ್ಥರ ಬಳಿ ಹೋಗುವ ಮೊದಲು, ಅವರು ಬೈದದ್ದರಲ್ಲಿ ನಿಜ ಎಷ್ಟಿತ್ತು ಎಂದು ಒಮ್ಮೆ ನೋಡಿಕೊಳ್ಳಿ. ಅಭ್ಯಾಸಕ್ಕೆ ತಡವಾಗಿ ಬಂದದ್ದು ಹೌದು ಎಂದು ನೀವೇ ಬರೆದಿದ್ದೀರಿ. ಅದನ್ನು ಒಪ್ಪಿಕೊಳ್ಳಿ. ಆಮೇಲೆ, ಎಲ್ಲರ ಮುಂದೆ ಹಾಗೆ ಬೈದದ್ದು ನೋವಾಯಿತು ಎಂದೂ ಹೇಳಿ. ಮತ್ತಾಯ 18 ಹೇಳುವಂತೆ ನೀವೂ ಅವರೂ ಇಬ್ಬರೇ ಇರುವಾಗ ಹೇಳಿ, ಗೆಳತಿ ಜೊತೆಗೆ ಬೇಡ.

ಏನಾಯಿತು ಎಂದು ಬರೆಯಿರಿ.

– ಸಂ.