ಮಡಿಕೇರಿಯಿಂದ ಬರೀ ಟ್ರೈಪಾಡ್ ಇಟ್ಟುಕೊಂಡು ಒರಾಯನ್ ನೀಹಾರಿಕೆಯ ಫೋಟೊ ತೆಗೆಯಬಹುದೇ?

ಖಂಡಿತ ತೆಗೆಯಬಹುದು; ಇದು ಒರಾಯನ್ ನಕ್ಷತ್ರಪುಂಜದಲ್ಲಿ ಹೊಳೆಯುವ ಅನಿಲ, ದೂಳಿನ ಮೋಡ. ಆದರೆ ಒಂದೇ ಉದ್ದನೆಯ ಎಕ್ಸ್‌ಪೋಷರ್ (ಶಟರ್ ತೆರೆದಿಡುವ ಅವಧಿ) ಬೇಡ; 2 ಸೆಕೆಂಡಿನ 300 ಫೋಟೊ ತೆಗೆದು, ಸಾಫ್ಟ್‌ವೇರ್‌ನಲ್ಲಿ ನಕ್ಷತ್ರಕ್ಕೆ ನಕ್ಷತ್ರ ಹೊಂದಿಸಿ ಒಂದರ ಮೇಲೊಂದು ಪೇರಿಸಿ. ಭೂಮಿ ತಿರುಗುತ್ತಿರುವುದರಿಂದ 135 ಎಂಎಂ ಲೆನ್ಸಿನಲ್ಲಿ 3 ಸೆಕೆಂಡ್ ದಾಟಿದರೆ ನಕ್ಷತ್ರಗಳು ಗೆರೆಯಾಗುತ್ತವೆ. ಪೇರಿಸಿದಾಗ ನೀಹಾರಿಕೆಯ ಬೆಳಕು ಎಲ್ಲ ಫೋಟೊದಲ್ಲೂ ಒಂದೇ ಕಡೆ ಬೀಳುತ್ತದೆ, ಸೆನ್ಸರಿನ ನಾಯ್ಸ್ (ಫೋಟೊದಲ್ಲಿ ಕಾಣುವ ಬೇಡದ ಚುಕ್ಕೆಗಳು) ಮಾತ್ರ ಪ್ರತಿ ಸಲ ಬೇರೆ ಬೇರೆ. ಹಾಗಾಗಿ 100 ಫೋಟೊಗಳ ಸರಾಸರಿಯಲ್ಲೇ ನಾಯ್ಸ್ ಸುಮಾರು ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಕ್ಯಾಮೆರಾ ಸೆಟ್ಟಿಂಗ್: ಐಎಸ್‌ಒ (ಬೆಳಕಿಗೆ ಸಂವೇದನೆ) 1600, ಲೆನ್ಸಿನ ತೆರಪು ಎಫ್/2.8, ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಫೋಟೊ). ಅದೇ ಒರಾಯನ್ ಪುಂಜದ ಪ್ರಕಾಶಮಾನ ರೈಜೆಲ್ ನಕ್ಷತ್ರವನ್ನು ಪರದೆಯಲ್ಲಿ ದೊಡ್ಡದು ಮಾಡಿ, ಅದು ಅತಿ ಚಿಕ್ಕ ಚುಕ್ಕೆಯಾಗುವವರೆಗೆ ಕೈಯಲ್ಲೇ ಫೋಕಸ್ ಮಾಡಿ. ಹತ್ತು ನಿಮಿಷಕ್ಕೊಮ್ಮೆ ನೀಹಾರಿಕೆಯನ್ನು ಮತ್ತೆ ನಡುವಿಗೆ ತನ್ನಿ.

ಜನವರಿಯ ಅಮಾವಾಸ್ಯೆ ಆಸುಪಾಸು ಒಳ್ಳೆಯ ಸಮಯ. ಕೊಡಗಿನಲ್ಲಿ ನಿಜವಾದ ಕಾಟ ಇಬ್ಬನಿಯದು: ಲೆನ್ಸಿನ ಮೇಲೆ ಕೂತರೆ ನಕ್ಷತ್ರಗಳು ಊದಿಕೊಳ್ಳುತ್ತವೆ. ಒರೆಸಿದರೆ ಫೋಕಸ್ ಕದಲುತ್ತದೆ. ಶುರುವಿಗೇ ಲೆನ್ಸಿಗೆ ಯುಎಸ್‌ಬಿ ಹೀಟರ್ ಪಟ್ಟಿ ಸುತ್ತಿಬಿಡಿ.