ಬಿವಿಡಿ ಮತ್ತು ಐಬಿಆರ್ ವೈರಸ್ ಒಂದೇ ಕೋಶದೊಳಗೆ ಸೇರಿದರೆ ಏನಾಗುತ್ತದೆ?

ಹಸುಗಳಿಗೆ ತಗಲುವ ಈ ಎರಡು ವೈರಸ್‌ಗಳು (ಬಿವಿಡಿ ಭೇದಿ ರೋಗದ್ದು, ಐಬಿಆರ್ ಮೂಗು-ಶ್ವಾಸನಾಳದ ರೋಗದ್ದು) ಒಂದೇ ಜೀವಕೋಶದಲ್ಲಿ ಸೇರಿದರೆ ಕಿತ್ತಾಡುತ್ತವೋ, ಒಂದಕ್ಕೊಂದು ನೆರವಾಗುತ್ತವೋ ಎಂದು ಕೇಳಿದ್ದೀರಿ. ಕೆಲವು ವರ್ಷ ಇಂಥ ಕೋಶಗಳನ್ನು ಬೆಳೆಸುವ ಕೆಲಸ ಮಾಡಿದ್ದೇನೆ, ಅದರ ಮೇಲೆ ಹೇಳುತ್ತೇನೆ.

ಜಾಗಕ್ಕಾಗಿ ಜಗಳ ಅಷ್ಟಾಗಿ ಇಲ್ಲ. ಬಿವಿಡಿ ಸುಮಾರು 12,300 ಅಕ್ಷರಗಳ ಆರ್‌ಎನ್‌ಎ ವೈರಸ್, ನ್ಯೂಕ್ಲಿಯಸ್‌ನ ಹೊರಗೇ ಮರಿ ಮಾಡುತ್ತದೆ. ಐಬಿಆರ್ ತರುವುದು ಹರ್ಪಿಸ್ ಜಾತಿಯ ಡಿಎನ್‌ಎ ವೈರಸ್. ಅದಕ್ಕೆ ನ್ಯೂಕ್ಲಿಯಸ್ಸೇ ಬೇಕು. ಮನೆ ಒಂದೇ, ಒಲೆ ಬೇರೆ.

ಸ್ವಾರಸ್ಯ ಇರುವುದು ಕಾವಲಿನ ವಿಷಯದಲ್ಲಿ. ವೈರಸ್ ಹೊಕ್ಕಿತೆಂದು ಗೊತ್ತಾದರೆ ಕೋಶ ಇಂಟರ್‌ಫೆರಾನ್ ಹೊರಬಿಟ್ಟು ಅಕ್ಕಪಕ್ಕದ ಕೋಶಗಳನ್ನೂ ಎಚ್ಚರಿಸುತ್ತದೆ. ಇದಕ್ಕೆ ಐಆರ್‌ಎಫ್‌-3 ಎಂಬ ಪ್ರೋಟೀನ್ ಬೇಕು. ಬಿವಿಡಿಯ ಎನ್‌ಪ್ರೋ ಎಂಬ ಪ್ರೋಟೀನ್, ಕೋಶ ತನ್ನ ಐಆರ್‌ಎಫ್‌-3 ಅನ್ನು ತಾನೇ ಅರೆದುಹಾಕುವಂತೆ ಮಾಡುತ್ತದೆ. ಆಮೇಲೆ ಬಂದವರಿಗೆ ಹಾದಿ ಸಲೀಸು. ಕೋಳಿಯ ನ್ಯೂಕ್ಯಾಸಲ್ ವೈರಸ್ಸನ್ನು ಬಿವಿಡಿ ಕೂತಿರುವ ಕರುವಿನ ಕೋಶಕ್ಕೆ ಹಾಕಿದರೆ ಅದು ಅಲ್ಲಿ ಜೋರಾಗಿ ಹಾವಳಿ ಮಾಡುತ್ತದೆ. ಅವಿತಿರುವ ಬಿವಿಡಿಯನ್ನು ಹಿಡಿಯಲು ಹಿಂದೆ ಇದನ್ನೇ ಪರೀಕ್ಷೆಯಾಗಿ ಬಳಸುತ್ತಿದ್ದರು! ಹರ್ಪಿಸ್‌ಗೆ ಮಾತ್ರ ಬಿವಿಡಿಯ ಹಂಗಿಲ್ಲ. ಅದರ ಬಿಐಸಿಪಿ0 ಪ್ರೋಟೀನ್ ಕೂಡ ಐಆರ್‌ಎಫ್‌-3 ಮೇಲೇ ಕೈ ಹಾಕುತ್ತದೆ. ಹಸುವಿನ ಮೈಯೊಳಗೆ ಕತೆ ಬೇರೆ. ಅಲ್ಲಿ ಬಿವಿಡಿ ಬಿಳಿ ರಕ್ತಕಣಗಳನ್ನೇ ಕುಗ್ಗಿಸುವುದರಿಂದ ಐಬಿಆರ್ ಉಲ್ಬಣಿಸಬಹುದು.

ತಮಾಷೆಯೆಂದರೆ, ಪರರಿಗೆ ದಾರಿ ಬಿಡುವ ಬಿವಿಡಿ ಸ್ವಂತ ದಾಯಾದಿಯನ್ನು ಒಳಗೆ ಬಿಡುವುದಿಲ್ಲ. ಒಂದು ಬಿವಿಡಿ ನೆಲೆಸಿದ ಕೋಶಕ್ಕೆ ಇನ್ನೊಂದು ಬಿವಿಡಿ ಹೊಕ್ಕುವುದು ಕಷ್ಟ, ಹೊಕ್ಕರೂ ಬೆಳೆಯುವುದು ಕಷ್ಟ.

ಈಗ ನನ್ನ ಪೆದ್ದುತನ. ಎರಡನ್ನೂ ಬೆರೆಸಿ ಮೂರು ವಾರ ಲೆಕ್ಕ ಬರೆದೆ. ಬಿವಿಡಿ ಹಾಕಿದ ತಟ್ಟೆಗೂ ಹಾಕದ ತಟ್ಟೆಗೂ ವ್ಯತ್ಯಾಸವೇ ಇಲ್ಲ! ಕೊನೆಗೆ ನೋಡಿದರೆ, ಏನೂ ಹಾಕದ ಕೋಶಗಳಲ್ಲೂ ಬಿವಿಡಿ ಮೊದಲೇ ಇತ್ತು. ಕೋಶಗಳಿಗೆ ಆಹಾರವಾಗಿ ಹಾಕುವ ಕರುವಿನ ಸೀರಮ್ (ರಕ್ತದ ತಿಳಿ) ಜೊತೆ ಬಂದಿತ್ತು. ಕೋಶ ಕೊಲ್ಲದ ತಳಿ ಅದು, ಸುಮ್ನೆ ಕೂತಿರುತ್ತದೆ, ಸೂಕ್ಷ್ಮದರ್ಶಕದಲ್ಲಿ ಎಲ್ಲ ಚೆನ್ನಾಗೇ ಕಾಣುತ್ತದೆ.

ಹಾಗಾಗಿ ನೀವು ಪ್ರಯೋಗ ಶುರು ಮಾಡುವ ಮೊದಲು ಖಾಲಿ ಕೋಶಗಳಿಗೂ ಸೀರಮ್‌ಗೂ ವೈರಸ್ಸಿನ ಆರ್‌ಎನ್‌ಎ ಹುಡುಕುವ ಆರ್‌ಟಿ-ಪಿಸಿಆರ್ ಪರೀಕ್ಷೆ ಮಾಡಿಸಿ. ಗಾಮಾ ಕಿರಣ ಹಾಯಿಸಿದ ಸೀರಮ್‌ನಲ್ಲಿ ಸತ್ತ ವೈರಸ್ಸಿನ ಚೂರುಗಳಿಂದಲೂ ಪಾಸಿಟಿವ್ ಬರಬಹುದು. ಆಗ ಕೋಶಗಳನ್ನು ಕೆಲವು ಸಲ ಹೊಸ ತಟ್ಟೆಗೆ ದಾಟಿಸಿ, ವೈರಸ್ಸಿಗೆ ಅಂಟುವ ಆಂಟಿಬಾಡಿ ಬಣ್ಣ ಹಾಕಿ ನೋಡಿ. ಜೀವಂತ ವೈರಸ್ ಇದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ.